ಮೂರನೇ ವೈರಿನ ಹಸಿರು ಗುಂಡಿ

ಪೇಟೆಯಲ್ಲಿ ಅವನಿಗೆ ಇದ್ದ ಹೆಸರು ಗರಗರ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹಾಗೆ ಕರೆಯುವವರು ಒಬ್ಬೊಬ್ಬರಾಗಿ ತೀರಿಕೊಂಡರು, ಉಳಿದವರಿಗೆ ಈ ಹೆಸರೇ ಸಾಕಾಯಿತು. ಕಾರಿನ ರೇಡಿಯೋದಲ್ಲಿ ಬರುವ ಗರಗರ ಸದ್ದನ್ನು ತೆಗೆಯುವುದು ಅವನ ಕಸುಬು. ಸದ್ದು ತೆಗೆಯುವವನಿಗೆ ಸದ್ದಿನ ಹೆಸರನ್ನೇ ಅಂಟಿಸಿದ ಜನರ ಬುದ್ಧಿಗೆ ಏನು ಹೇಳೋಣ. ಅವನಂತೂ ಬೇಸರ ಮಾಡಿಕೊಂಡವನಲ್ಲ. ಅಂಗಡಿಯ ಬೋರ್ಡು ಬರೆಯಲು ಬಂದ ಪೇಂಟರು ಕೇಳದೆ ಅದನ್ನೇ ಬರೆದುಬಿಟ್ಟಾಗಲೂ ಅಳಿಸಲು ಹೇಳಲಿಲ್ಲ.

ಅಂಗಡಿ ಎಂದರೆ ಒಂದು ಕಾರು ನಿಂತು, ಅದರ ಸುತ್ತ ಒಬ್ಬ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ಓಡಾಡುವಷ್ಟು ಜಾಗ. ರಿಪೇರಿಗೆ ಬಂದವರು ರೇಡಿಯೋ ಬಿಚ್ಚುತ್ತಾನೆ ಎಂದು ಕಾದರೆ ಅವನು ಅದರ ಒಂದು ಸ್ಕ್ರೂ ಕೂಡ ಮುಟ್ಟುತ್ತಿರಲಿಲ್ಲ. ಮುಳ್ಳನ್ನು ಯಾವ ಸ್ಟೇಷನ್ನೂ ಸಿಗದ ಖಾಲಿ ಜಾಗಕ್ಕೆ ತಂದು ನಿಲ್ಲಿಸಿ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಎಂಜಿನ್ ಜೋರಾದಂತೆ ಸದ್ದು ಕೀರಲಾಗಿ ಮೇಲೇರಿದರೆ ತಪ್ಪು ಡೈನಮೋದ್ದು. ಟಿಕ್ ಟಿಕ್ ಎಂದು ಎಂಜಿನ್ ಜೊತೆಗೇ ಓಡಿದರೆ ಪ್ಲಗ್ಗಿನ ಕಿಡಿಯದ್ದು. ಆಮೇಲೆ ಏರಿಯಲ್ ಕೀಳುವನು. ಸದ್ದು ನಿಂತರೆ ಅದು ಗಾಳಿಯಲ್ಲಿ ಬರುತ್ತಿದೆ, ನಿಲ್ಲದಿದ್ದರೆ ವೈರಿನಲ್ಲಿ. ಇಷ್ಟಾದ ಮೇಲೆಯೇ ಅವನ ಕೈ ಕೆಲಸಕ್ಕೆ ಇಳಿಯುತ್ತಿದ್ದುದು. ಸದ್ದು ಹೀರುವ ಒಂದು ಕಂಡೆನ್ಸರ್ ಕೂರಿಸುವುದೋ, ತುಕ್ಕು ಕೆರೆದು ಅರ್ತಿಂಗ್ ಬಿಗಿ ಮಾಡುವುದೋ, ಅಷ್ಟೇ. ಸದ್ದು ಇಟ್ಟುಕೊಂಡ ಗಾಡಿ ತನ್ನ ಬಾಗಿಲಿಂದ ಹೊರಗೆ ಹೋಗಿಲ್ಲ ಎಂದು ಅವನಿಗೆ ಸ್ವಲ್ಪ ಜಂಬವೂ ಇತ್ತು.

ಮದುವೆ ಮಾತಿಗೆಂದು ಹೋದ ಮನೆಯೊಂದರಲ್ಲಿ ಹುಡುಗಿಯ ಮಾತು ಕೇಳುವುದು ಬಿಟ್ಟು, ತಲೆ ಮೇಲಿನ ಫ್ಯಾನಿನ ಬೇರಿಂಗ್ ಹೋಗಿದೆ ಎಂದನಂತೆ. ನಿಜವೋ ಸುಳ್ಳೋ, ಮದುವೆಯಂತೂ ಆಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಊಟಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದ. ಅಕ್ಕ, ಭಾವ, ಅಕ್ಕನ ಮಗಳು, ಇಷ್ಟೇ ಅವನ ಸಂಸಾರ.

ಭಾವ ಬಾಡಿಗೆ ಕಾರು ಓಡಿಸುತ್ತಿದ್ದರು. ಆ ಕಾರಿನಲ್ಲಿ ರೇಡಿಯೋ ಇರಲಿಲ್ಲ. ರೇಡಿಯೋ ಇದ್ದದ್ದು ಮನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಹಲಗೆಯ ಮೇಲೆ. ಸಂಜೆ ಭಾವನ ಕಾರು ರಸ್ತೆಯ ತಿರುವಿಗೆ ಬಂತೆಂದರೆ ಆ ರೇಡಿಯೋ ಟಿಕ್ ಟಿಕ್ ಎಂದು ಸಿಡಿಯಲು ಶುರುಮಾಡುತ್ತಿತ್ತು. ಬೇರೆ ಗಾಡಿಗಳು ಹೋದರೆ ಏನೂ ಆಗುತ್ತಿರಲಿಲ್ಲ. ಈ ಕಾರು ಬಂದರೆ ಮಾತ್ರ ಹಾಡಾಗಲಿ ಸುದ್ದಿಯಾಗಲಿ ಆ ಸಿಡಿತದಲ್ಲಿ ಮುಳುಗಿಯೇ ಹೋಗುತ್ತಿತ್ತು. ಅಕ್ಕ ಕೈಲಿದ್ದದ್ದು ಬಿಟ್ಟು ಎದ್ದು ಒಲೆ ಹಚ್ಚುತ್ತಿದ್ದಳು. ಭಾವ ಕಾರು ನಿಲ್ಲಿಸಿ, ಕೈಕಾಲು ತೊಳೆದು ಬರುವ ಹೊತ್ತಿಗೆ ತಟ್ಟೆಯಲ್ಲಿ ಊಟ ಹಬೆಯಾಡುತ್ತಿತ್ತು.

ತನ್ನ ಸ್ವಂತ ಭಾವನ ಕಾರೇ ಬೀದಿಯ ರೇಡಿಯೋ ಕೆಡಿಸುತ್ತದೆ ಎಂದರೆ ಕಸುಬಿನವನಿಗೆ ಮರ್ಯಾದೆಯೇ? ಬಾನೆಟ್ ತೆಗೆದು ನೋಡುತ್ತೇನೆ, ಒಂದು ಗಂಟೆ ಬಿಡಿ ಎಂದು ಅವನು ಎಷ್ಟೋ ಸಲ ಗೋಗರೆದಿದ್ದ. ಭಾವ ಜಪ್ಪಯ್ಯ ಎನ್ನಲಿಲ್ಲ.

“ನನ್ನ ಬಾನೆಟ್ಟಿಗೆ ಕೈ ಹಾಕಿದ್ಯೋ, ನೋಡು ಮತ್ತೆ,” ಎಂದು ನಗುತ್ತಿದ್ದರು. “ನಾನು ಬರೋದು ನಿಮ್ಮಕ್ಕಂಗೆ ಮೊದ್ಲೇ ಗೊತ್ತಾಗ್ಬೇಕಪ್ಪ. ಇಲ್ದಿದ್ರೆ ತಣ್ಣಗಿರೋದು ತಿನ್ಬೇಕಾಗುತ್ತೆ.”

ಒಮ್ಮೆ ಭಾವ ದೂರದ ಊರಿಗೆ ಬಾಡಿಗೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಸುದ್ದಿ ಮುಟ್ಟಿಸಬೇಕಾದವರು ಫೋನಿನ ನಂಬರು ತಪ್ಪು ಬರೆದುಕೊಂಡಿದ್ದರು. ಮಾರನೆಯ ಸಂಜೆ ಬೇರೊಬ್ಬ ಡ್ರೈವರು ಕಾರನ್ನು ಮನೆಗೆ ತಂದ. ಹಾಗಾಗಿ ಅಕ್ಕನಿಗೆ ಮೊದಲು ಕೇಳಿಸಿದ್ದು ರೇಡಿಯೋದ ಸಿಡಿತ. ಅವಳು ಒಂದು ದಿನ ತಡವಾಗಿ ಬಂದರಲ್ಲ ಎಂದು ಗೊಣಗುತ್ತ ಎದ್ದು ಒಲೆ ಹಚ್ಚಿದಳು, ತಟ್ಟೆಗೆ ಬಡಿಸಿದಳು, ಬಾಗಿಲು ತೆಗೆದಳು. ಹೊಸ್ತಿಲ ಹೊರಗೆ ಗುರುತಿಲ್ಲದ ಮನುಷ್ಯನೊಬ್ಬ ಕಾರಿನ ಕೀಲಿಕೈ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ನಡೆದದ್ದನ್ನು ಬಿಡಿಸಿ ಹೇಳುವುದು ಬೇಡ. ತಮ್ಮ ಓಡಿಬಂದಾಗ ಒಲೆ ಇನ್ನೂ ಉರಿಯುತ್ತಿತ್ತು, ಪಾತ್ರೆ ಸೀದು ಮನೆಯೆಲ್ಲ ಹೊಗೆಯಾಗಿತ್ತು.

ಕಾರನ್ನು ಪೇಟೆಯ ಕನ್ನಡಕದ ಅಂಗಡಿಯವರಿಗೆ ಮಾರಿದರು. ಅಕ್ಕನ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಗರಗರ ತನ್ನ ಹಾಸಿಗೆ ಸುತ್ತಿಕೊಂಡು ಅಕ್ಕನ ಮನೆಗೆ ಬಂದು ಸೇರಿದ. ಕೆಲವು ವಾರ ಮನೆ ಸುಮ್ಮನಿತ್ತು. ಆಮೇಲೊಂದು ಸಂಜೆ ಇಬ್ಬರೂ ನಡುಮನೆಯಲ್ಲಿ ಕೂತಿದ್ದಾಗ ರೇಡಿಯೋ ಟಿಕ್ ಟಿಕ್ ಎಂದು ಸಿಡಿಯತೊಡಗಿತು. ಕನ್ನಡಕದವರು ಅಂಗಡಿ ಮುಚ್ಚಿ ಇದೇ ದಾರಿಯಲ್ಲಿ ಮನೆಗೆ ಹೋಗುತ್ತಿದ್ದಾರೆ ಎಂದು ಅವನ ತಲೆಗೆ ಹೊಳೆಯುವಷ್ಟರಲ್ಲಿ ಅಕ್ಕ ಎದ್ದಿದ್ದಳು. ಒಲೆ ಹಚ್ಚಿದಳು. ಒಂದು ತಟ್ಟೆಗೆ ಬಡಿಸಿ ಭಾವ ಕೂರುತ್ತಿದ್ದ ಜಾಗದ ಮುಂದೆ ಇಟ್ಟಳು. ಸದ್ದು ಹತ್ತಿರ ಬಂತು, ಮನೆ ದಾಟಿತು, ಸಣ್ಣದಾಯಿತು, ಹೋಯಿತು. ಅಕ್ಕ ಸ್ವಲ್ಪ ಹೊತ್ತು ಆ ತಟ್ಟೆಯ ಎದುರು ಕೂತಿದ್ದು, ಆಮೇಲೆ ಅದನ್ನು ತಾನೇ ಎಳೆದುಕೊಂಡು ಊಟ ಮಾಡಿದಳು.

ಅಂದಿನಿಂದ ಇದು ದಿನದ ಪರಿಪಾಠವಾಯಿತು. ಅಕ್ಕನ ತಲೆ ಕೆಟ್ಟಿತ್ತು ಎಂದುಕೊಂಡರೆ ತಪ್ಪಾಗುತ್ತದೆ. ಹಾಲಿನವನು ನೀರು ಬೆರೆಸಿದರೆ ಹಿಡಿದು ನಿಲ್ಲಿಸುವಷ್ಟು ಬುದ್ಧಿ ಅವಳದು. ಒಮ್ಮೆ ತಮ್ಮ ಹೆದರುತ್ತಲೇ, ಅದು ಕನ್ನಡಕದವರು ಹೋಗೋದಲ್ವಾ ಅಕ್ಕ ಎಂದ.

“ಅಷ್ಟೂ ಗೊತ್ತಿಲ್ವೇನೋ ನಂಗೆ?” ಎಂದಳು. “ಕಾರು ಅವ್ರದ್ದು. ಸದ್ದು ಇವ್ರದ್ದು.”

ಅವನಿಗೆ ಆ ಮನೆಯಲ್ಲಿ ಸಂಜೆ ಎಂದರೆ ಹೆದರಿಕೆ ಹುಟ್ಟಿತು. ಸದ್ದು ತಿರುವಿನಲ್ಲಿ ಶುರುವಾದ ಕೂಡಲೆ ಅಕ್ಕನ ಮುಖ ಬದಲಾಗುತ್ತಿತ್ತು, ಹತ್ತು ವರ್ಷ ಕಡಿಮೆಯಾದ ಹಾಗೆ. ಆಗ ಅವನು ಭಾವನ ಖಾಲಿ ಜಾಗದ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಅಲ್ಲಿ ಏನೋ ಕಂಡುಬಿಡುತ್ತದೆ ಎನಿಸುತ್ತಿತ್ತು. ಸದ್ದಿನಿಂದಲೇ ಅನ್ನ ಉಣ್ಣುವ ಮನುಷ್ಯ ಒಂದು ಸದ್ದಿಗೆ ಹೆದರಿ, ಕಾಲು ಮಡಚಿ ಗೋಡೆಗೆ ಒರಗಿ ಕೂರುತ್ತಿದ್ದ.

ಇಷ್ಟೇ ಆಗಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಅಕ್ಕನ ಮಗಳು ಬಸುರಿಯಾದಳು. ಹಿಂದೆ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ್ದರು. ಗಂಡ ಬೆಳಗ್ಗೆ ಕೆಲಸಕ್ಕೆ ಹೋದರೆ ಒಂದು ಲೋಟ ನೀರು ಕೊಡಲು ಮನೆಯಲ್ಲಿ ಯಾರೂ ಇಲ್ಲ. ಅವಳು ತಾಯಿಯನ್ನು ಕರೆದಳು. ಅಕ್ಕ ಬರ್ತೀನಿ ಎಂದಳು, ಚೀಲಕ್ಕೆ ಸೀರೆ ತುಂಬಿದಳು. ಬಸ್ಸಿನ ಹೊತ್ತಾದಾಗ, ಸಂಜೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೇಗೆ ಎಂದು ಸೀರೆಗಳನ್ನು ಹೊರಗೆ ತೆಗೆದಳು. ಚೀಲ ತುಂಬುವುದು, ಖಾಲಿ ಮಾಡುವುದು ಹೀಗೇ ನಡೆಯಿತು. ಕೊನೆಗೆ ಮಗಳು ಅಂಗಡಿಗೇ ಫೋನು ಮಾಡಿದಳು.

“ಮಾವ, ಅಮ್ಮಂಗೆ ಒಂದು ಮಾತು ಕೇಳ್ತೀಯಾ?” ಎಂದಳು. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಅಪ್ಪ ಸತ್ತಿದ್ದಾರೆ, ನಾನು ಬದುಕಿದ್ದೀನಿ. ಇದು ಅಮ್ಮಂಗೆ ಗೊತ್ತಿದೆಯಾ ಅಂತ.”

ಫೋನು ಇಟ್ಟ ಮೇಲೆ ಅವನಿಗೆ ಯಾವ ಕೆಲಸವೂ ಸಾಗಲಿಲ್ಲ.

ಆ ವಾರವೇ ಕನ್ನಡಕದವರು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಹೊಸ ರೇಡಿಯೋ ಹಾಕಿಸಿದ್ದರು. ಎಲ್ಲಿ ತಿರುಗಿಸಿದರೂ ಟಿಕ್ ಟಿಕ್, ಮಾತು ಒಂದಕ್ಷರ ತಿಳಿಯುತ್ತಿಲ್ಲ ಎಂದರು. ಭಾವ ಬದುಕಿದ್ದಾಗ ಮುಟ್ಟಗೊಡದಿದ್ದ ಬಾನೆಟ್ಟನ್ನು ಗರಗರ ಮೊದಲ ಸಲ ಎತ್ತಿದ. ಎತ್ತುವಾಗ, ಹಿಂದಿನಿಂದ ಯಾರೋ ಹೆಗಲಿಗೆ ಕೈ ಹಾಕಿ ತಡೆದಂತಾಯಿತು. ತಿರುಗಿ ನೋಡಿದ. ಕನ್ನಡಕದವರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕಣ್ಣು ಮುಚ್ಚಿ ಕೇಳುವ ಅಗತ್ಯ ಇರಲಿಲ್ಲ, ಈ ಸದ್ದು ಅವನಿಗೆ ಬಾಯಿಪಾಠ. ಏರಿಯಲ್ ಕಿತ್ತ, ಸದ್ದು ನಿಂತಿತು. ಗಾಳಿಯಲ್ಲೇ ಬರುತ್ತಿದೆ, ಕಿಡಿಯದ್ದೇ. ಏರಿಯಲ್ ಮತ್ತೆ ಸಿಕ್ಕಿಸಿ, ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ತನ್ನ ಹತ್ತಿರ ಇದ್ದ ಒಳ್ಳೆಯ ವೈರು ಹಾಕಿ ನೋಡಿದ. ಮೊದಲನೆಯದು ಬದಲಿಸಿದಾಗ ಸದ್ದು ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದು ಬದಲಿಸಿ ಎಂಜಿನ್ ಚಾಲೂ ಮಾಡಿದಾಗ ರೇಡಿಯೋದಲ್ಲಿ ಹೆಂಗಸೊಬ್ಬಳು ಹವಾಮಾನ ಓದುತ್ತಿದ್ದುದು ಎದುರಿಗೇ ಕೂತು ಹೇಳಿದ ಹಾಗೆ ಕೇಳಿಸಿತು.

ಕೈಯಲ್ಲಿದ್ದ ಹಳೆಯ ವೈರಿನ ನಡುವೆ ಒಂದು ಕಡೆ ಉಬ್ಬಿತ್ತು. ಮೇಲೆ ಕಪ್ಪು ಟೇಪು ನೀಟಾಗಿ ಸುತ್ತಿತ್ತು. ಬಿಡಿಸಿದ. ವೈರನ್ನು ಕತ್ತರಿಸಿ, ಎರಡು ತುದಿಯ ತಂತಿಯನ್ನೂ ಬಟ್ಟೆಗೆ ಹೊಲಿಯುವ ಒಂದು ದೊಡ್ಡ ಹಸಿರು ಗುಂಡಿಯ ಎದುರುಬದುರು ತೂತಿಗೆ ಪೋಣಿಸಿ ತಿರುಚಿದ್ದರು. ಹಳೆಯ ಡ್ರೈವರುಗಳ ಉಪಾಯ ಅದು. ಎಂಜಿನ್ ಎಣ್ಣೆ ಕುಡಿದು ಪ್ಲಗ್ಗಿಗೆ ಮಸಿ ಹಿಡಿದಾಗ, ನಡುವೆ ಹೀಗೊಂದು ಗುಂಡಿ ಸಿಕ್ಕಿಸಿದರೆ ಕಿಡಿ ಈ ತೂತಿನಿಂದ ಆ ತೂತಿಗೆ ಜಿಗಿದು ಜೋರಾಗುತ್ತದೆ, ಮಸಿ ಹಿಡಿದ ಪ್ಲಗ್ಗೂ ಹೊತ್ತಿಕೊಳ್ಳುತ್ತದೆ. ಗಾಡಿಗೆ ಮದ್ದು, ಬೀದಿಯ ರೇಡಿಯೋಗಳಿಗೆ ಮಾರಿ. ಇವನಿಗೆ ತೋರಿಸಿದರೆ ಕಿತ್ತುಹಾಕುತ್ತಾನೆ ಎಂದು ಭಾವ ಬಾನೆಟ್ ಮುಚ್ಚಿಟ್ಟಿದ್ದರು.

ಆದರೆ ಇನ್ನೊಂದು ವಿಷಯ ಅವನಿಗೆ ನೆನಪಾಯಿತು. ಸಾಯುವುದಕ್ಕೆ ಎರಡು ವರ್ಷ ಮೊದಲೇ ಭಾವ ಎಂಜಿನ್ ಬಿಚ್ಚಿಸಿ ಪಿಸ್ಟನ್ನಿಗೆ ಹೊಸ ರಿಂಗು ಹಾಕಿಸಿದ್ದರು. ಆಮೇಲೆ ಕಾರು ಒಂದು ಹನಿ ಎಣ್ಣೆ ಕುಡಿದದ್ದಿಲ್ಲ. ಗುಂಡಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಹಾಗಿದ್ದೂ ಟೇಪು ಹೊಸದಿತ್ತು. ಹಳೆಯದು ಸಡಿಲವಾದಾಗಲೆಲ್ಲ ಯಾರೋ ಬಿಚ್ಚಿ ಮತ್ತೆ ಸುತ್ತಿದ್ದರು. ಮನೆಯಲ್ಲಿ ರೇಡಿಯೋ ಸಿಡಿಯಲಿ ಎಂಬುದೊಂದೇ ಕಾರಣಕ್ಕೆ ಭಾವ ಅದನ್ನು ಸಾಕಿಕೊಂಡಿದ್ದರು. ಅವನು ಗುಂಡಿಯನ್ನು ತಿರುಗಿಸಿ ನೋಡಿದ. ತೂತುಗಳ ನಡುವೆ ಕಿಡಿ ಹಾರಿ ಕಪ್ಪಾಗಿತ್ತು. ಅಕ್ಕ ಸಂಜೆಯ ಚಳಿಗೆ ಹಾಕಿಕೊಳ್ಳುವ ಹಸಿರು ಸ್ವೆಟರು ಅವನ ಕಣ್ಣ ಮುಂದೆ ಬಂತು. ಅದರ ಕೊನೆಯ ಗುಂಡಿ ಮಾತ್ರ ಬಿಳಿಯದು.

ಈ ವೈರನ್ನು ಮತ್ತೆ ಹಾಕಿ, ಇದು ಹೋಗೋ ಸದ್ದಲ್ಲ ಸಾರ್ ಎಂದರೆ ಮುಗಿಯಿತು. ಜಂಬ ಹೋದರೆ ಹೋಗಲಿ. ತೆಗೆದರೆ ಭಾವನನ್ನು ತನ್ನ ಕೈಯಾರೆ ಇನ್ನೊಂದು ಸಲ ಸಾಯಿಸಿದ ಹಾಗೆ. ತೆಗೆಯದಿದ್ದರೆ, ಅಲ್ಲೊಬ್ಬಳು ಹಾಸಿಗೆಯ ಮೇಲೆ ಮಲಗಿ ಬಾಗಿಲು ನೋಡುತ್ತಿದ್ದಾಳೆ. ಕನ್ನಡಕದವರು ಎದ್ದು ಬಂದು, “ಏನಾಯ್ತು ಮೇಸ್ತ್ರಿ, ಗೊತ್ತಾಯ್ತಾ?” ಎಂದರು. ಅವನು ಗುಂಡಿಯನ್ನು ಜೇಬಿಗೆ ಹಾಕಿಕೊಂಡ. ವೈರು ಹೋಗಿತ್ತು ಸಾರ್, ಬದಲಾಯಿಸಿದೆ ಎಂದ. ಅವರು ಖುಷಿಯಾಗಿ ಹೋದರು.

ಅಂದು ಸಂಜೆ ಅವನು ಮುಂಬಾಗಿಲ ಮೆಟ್ಟಿಲ ಮೇಲೆ ಕೂತ. ಕಾರು ತಿರುವಿನಲ್ಲಿ ಬಂತು, ಕನ್ನಡಕದವರು ಇವನನ್ನು ಕಂಡು ಕೈ ಎತ್ತಿದರು, ಹೋದರು. ಒಳಗೆ ರೇಡಿಯೋ ಒಂದು ತೊದಲೂ ಇಲ್ಲದೆ ಹಾಡುತ್ತಲೇ ಇತ್ತು. ಅಕ್ಕ ರೇಡಿಯೋದ ಪಕ್ಕ ಸ್ವೆಟರು ಹಾಕಿಕೊಂಡು ಕೂತಿದ್ದಳು. ಒಲೆ ಹಚ್ಚಲಿಲ್ಲ. ಅವನು ಊಟಕ್ಕೆ ಕರೆದ.

“ನೀನು ಮಾಡು,” ಎಂದಳು. “ಇವತ್ತು ತಡ ಆಗಿದೆ ಅವ್ರಿಗೆ.”

ಮಾರನೆಯ ದಿನವೂ ಅದೇ ಮಾತು, ಅದರ ಮಾರನೆಯ ದಿನವೂ ಅದೇ. ಮೊದಲಾದರೆ ಸದ್ದು ಬರುತ್ತಿತ್ತು, ಹೋಗುತ್ತಿತ್ತು, ಅವಳು ಉಂಡು ಮಲಗುತ್ತಿದ್ದಳು. ದಿನಕ್ಕೊಮ್ಮೆ ಗಂಡ ಬಂದ ಲೆಕ್ಕ ಆಗುತ್ತಿತ್ತು. ಈಗ ಬರುವುದೇ ಇಲ್ಲ, ಹಾಗಾಗಿ ಕಾಯುವುದು ಮುಗಿಯುವುದೂ ಇಲ್ಲ. ಅವಳು ಊಟ ಬಿಟ್ಟಳು. ರಸ್ತೆಯ ಕಡೆ ಕಿವಿ ಕೊಟ್ಟು ಕೂತವಳ ಕೆನ್ನೆ ಒಳಗೆ ಹೋಯಿತು. ಮಗಳ ಮಾತು ಎತ್ತಿದರೆ, ಇವರು ದಾರಿಯಲ್ಲಿರುವಾಗ ನಾನು ಹೇಗೆ ಹೊರಡಲಿ ಎಂದಳು. ಗರಗರನಿಗೆ ತಾನು ಭಾವನನ್ನು ಸಾಯಿಸಲೂ ಇಲ್ಲ, ಬಿಡುಗಡೆ ಮಾಡಲೂ ಇಲ್ಲ, ಕತ್ತಲಾಗುತ್ತಿರುವ ಯಾವುದೋ ರಸ್ತೆಯಲ್ಲಿ ನಿಲ್ಲಿಸಿ ಬಂದುಬಿಟ್ಟೆ ಎನಿಸಿತು. ಕಣ್ಣು ಮುಚ್ಚಿದರೆ ಭಾವ ಕಾರಿನ ಪಕ್ಕ ನಿಂತು, ಯಾಕೋ ಹೀಗೆ ಮಾಡಿದೆ ಎನ್ನುವಂತೆ ಇವನ ಕಡೆ ನೋಡುತ್ತಿದ್ದರು.

ಕೊನೆಗೆ ಒಂದು ಸಂಜೆ ಅವನು ರೇಡಿಯೋ ಆರಿಸಿ, ಅಕ್ಕನ ಎದುರು ಕೂತು, ಜೇಬಿನಿಂದ ಗುಂಡಿ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ನೋಡಿದಳು. ಕೈ ತಾನಾಗಿ ಸ್ವೆಟರಿನ ಕೊನೆಯ ಬಿಳಿ ಗುಂಡಿಯ ಮೇಲೆ ಹೋಯಿತು.

“ಇದು ಎಲ್ಲಿತ್ತೋ?” ಎಂದಳು. “ಇದಕ್ಕೋಸ್ಕರ ಅವ್ರ ಹತ್ರ ಎಷ್ಟು ಜಗಳ ಆಡಿದ್ದೆ. ನೀವೇ ಎಲ್ಲೋ ಕಳೆದಿದ್ದೀರ ಅಂತ.”

ಅವನು ಎಲ್ಲವನ್ನೂ ಹೇಳಿದ. ಕತ್ತರಿಸಿದ ವೈರು, ತೂತಿನಿಂದ ತೂತಿಗೆ ಹಾರುವ ಕಿಡಿ, ಹೊಸ ರಿಂಗು ಹಾಕಿಸಿದ ಮೇಲೂ ಬೇಕೆಂದೇ ಉಳಿಸಿಕೊಂಡದ್ದು, ಬದಲಾಯಿಸಿದ ಟೇಪು. ರೇಡಿಯೋದಲ್ಲಿ ಇಷ್ಟು ವರ್ಷ ನಿನಗೆ ಕೇಳಿಸಿದ್ದು ಈ ಗುಂಡಿಯೇ ಅಕ್ಕ ಎಂದ. ಅವಳು ಕಪ್ಪಾದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ಕೇಳಿದಳು.

“ತೆಗೆದದ್ದು ಯಾರು?”

“ನಾನೇ.”

ಅವಳು ಬಯ್ಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಬಯ್ಯಲಿಲ್ಲ. ಕೀಲಿಕೈ ಹಿಡಿದ ಆ ಡ್ರೈವರು ಬಾಗಿಲಿಗೆ ಬಂದ ದಿನದಿಂದ ಅವಳು ಅತ್ತಿರಲಿಲ್ಲ. ಈಗ ಅತ್ತಳು, ಬಾಯಿಗೆ ಸೆರಗು ಒತ್ತಿಕೊಂಡು. ಅವನೂ ಅತ್ತ. ತುಂಬ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು.

“ಹಾಗಾದ್ರೆ ಅವ್ರನ್ನ ಕಳಿಸಿಕೊಟ್ಟಿದ್ದು ನೀನು,” ಎಂದಳು. “ಒಳ್ಳೇದಾಯ್ತು ಬಿಡು. ಅವರಾಗೇ ಹೋಗೋ ಪೈಕಿ ಆಗಿರ್ಲಿಲ್ಲ.”

ಆಮೇಲೆ ಎದ್ದು ಒಲೆ ಹಚ್ಚಿ ಇಬ್ಬರಿಗೇ ಬಡಿಸಿದಳು. ಮಾರನೆಯ ಬೆಳಗ್ಗೆ ಬಸ್ಸು ಹತ್ತಿದಳು. ಕೂಸು ಹುಟ್ಟಿ, ಮಗಳು ಎದ್ದು ಓಡಾಡುವವರೆಗೂ ಅಲ್ಲೇ ಇದ್ದಳು. ಅಷ್ಟು ದಿನವೂ ಗರಗರ ಖಾಲಿ ಮನೆಯಲ್ಲಿ ಸಂಜೆಯಾದರೆ ರೇಡಿಯೋ ಹಾಕಿ, ಮುಳ್ಳನ್ನು ಏನೂ ಸಿಗದ ಜಾಗಕ್ಕೆ ತಂದು ನಿಲ್ಲಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಕನ್ನಡಕದವರ ಕಾರು ಬರುತ್ತಿತ್ತು, ಹೋಗುತ್ತಿತ್ತು. ಏನೂ ಕೇಳಿಸುತ್ತಿರಲಿಲ್ಲ. ಏನಾದರೂ ಕೇಳಿಸಲಿ ಎಂದು ತಾನೇ ಕಾಯುತ್ತಿದ್ದೇನೆ ಎಂದು ಅವನಿಗೆ ಗೊತ್ತಾದಾಗ ನಾಚಿಕೆಯಾಯಿತು, ಭಯವೂ ಆಯಿತು.

ಅಕ್ಕ ಊರಿಂದ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಸೆರಗಿನ ಗಂಟು ಬಿಚ್ಚಿ ಆ ಗುಂಡಿಯನ್ನು ಅವನ ಕೈಗೆ ಕೊಟ್ಟಳು. ಸ್ವೆಟರಿಗೆ ಮತ್ತೆ ಹೊಲಿಯಬಹುದಿತ್ತಲ್ಲ ಎಂದು ಅವನು ಕೇಳಿದ.

“ನಿನ್ನ ಗಾಡಿಗೆ ಹಾಕ್ಕೋ,” ಎಂದಳು. “ಬದುಕಿರೋನು ಯಾವಾಗ ಬರ್ತಾನೆ ಅನ್ನೋದಾದ್ರೂ ಗೊತ್ತಾಗ್ಲಿ. ದಿನಾ ತಣ್ಣಗಿರೋದೇ ತಿಂತೀಯ.”

ಅವನ ಹತ್ತಿರ ಸಾಮಾನು ಸಾಗಿಸಲು ಒಂದು ಹಳೆಯ ವ್ಯಾನು ಇತ್ತು. ಭಾವನ ಕಾರಿಗಿದ್ದ ಎಂಜಿನ್ನೇ ಅದಕ್ಕೂ. ಅದರ ಮೂರನೆಯ ವೈರನ್ನು ಕತ್ತರಿಸಿ, ಗುಂಡಿ ಪೋಣಿಸಿ, ಭಾವ ಸುತ್ತಿದ ಹಾಗೆಯೇ ಟೇಪು ಸುತ್ತಿದ. ಊರಿನ ಸದ್ದೆಲ್ಲ ತೆಗೆಯುವವನು ತಾನೇ ಊರಿನ ರೇಡಿಯೋಗಳನ್ನು ಕೆಡಿಸುತ್ತ ಓಡಾಡುತ್ತಾನೆ ಎಂದು ಪೇಟೆಯವರು ಬಿದ್ದು ಬಿದ್ದು ನಕ್ಕರು. ಇಟ್ಟ ಹೆಸರು ಈಗ ಸಾರ್ಥಕ ಆಯಿತು ಎಂದರು.

ಈಗಲೂ ಸಂಜೆ ವ್ಯಾನು ತಿರುವಿಗೆ ಬಂದಾಗ ಅವನು ವೇಗ ತಗ್ಗಿಸುತ್ತಾನೆ. ಮನೆಯೊಳಗೆ ರೇಡಿಯೋ ಸಿಡಿಯಲು ಶುರುಮಾಡಿದೆ, ಅಕ್ಕ ಎದ್ದಿದ್ದಾಳೆ ಎಂದು ಅವನಿಗೆ ಗೊತ್ತು. ತಿರುವಿನಿಂದ ಬಾಗಿಲವರೆಗಿನ ಆ ದಾರಿಯಲ್ಲಿ ಬರುತ್ತಿರುವವನು ತಮ್ಮನೋ ಗಂಡನೋ ಎಂದು ಸದ್ದು ಹೇಳುವುದಿಲ್ಲ. ಅಷ್ಟು ದೂರ ಅವನಿಗೂ, ಪಕ್ಕದ ಸೀಟಿನಲ್ಲಿ ಯಾರೋ ಸುಮ್ಮನೆ ಕೂತು ಮನೆಯ ಕಡೆ ನೋಡುತ್ತಿದ್ದಾರೆ ಎನಿಸುತ್ತದೆ. ಅವನು ಆ ಕಡೆ ತಿರುಗುವುದಿಲ್ಲ. ಬಾಗಿಲ ಮುಂದೆ ಎಂಜಿನ್ ನಿಲ್ಲಿಸಿ, ಕೆಳಗಿಳಿಯುವ ಮೊದಲೇ ಕೂಗುತ್ತಾನೆ.

“ಅಕ್ಕಾ, ನಾನು.”

ಅಗುಳಿ ತೆಗೆಯುವ ಸದ್ದು ತಕ್ಷಣ ಬರುವುದಿಲ್ಲ. ಸ್ವಲ್ಪ ಹೊತ್ತಾಗುತ್ತದೆ, ಯಾವಾಗಲೂ. ಒಳಗೆ ತಟ್ಟೆಯಲ್ಲಿ ಊಟ ಹಬೆಯಾಡುತ್ತಿರುತ್ತದೆ. ಅವನು ಕೈಕಾಲು ತೊಳೆದು ಬಂದು, ಭಾವನ ಜಾಗ ಬಿಟ್ಟು ಪಕ್ಕಕ್ಕೆ ಕೂರುತ್ತಾನೆ.